ಐದು ದನಿಯ ಕಛೇರಿ

ವಿಡಿಯೋ ಗೇಮಿನ ಸಂಗೀತವನ್ನು ಸಂಗೀತ ಎಂದು ಕರೆಯಲು ನಮ್ಮವರಲ್ಲಿ ಬಹಳ ಮಂದಿಗೆ ನಾಲಿಗೆ ಹೊರಳುವುದಿಲ್ಲ. ‘ಟ್ಯೂನು’ ಎಂದಾರು, ‘ಬ್ಯಾಕ್‌ಗ್ರೌಂಡು’ ಎಂದಾರು. ಮಕ್ಕಳ ಮೇಲೆ ಸಿಟ್ಟು ಬಂದಾಗ ‘ಆ ಕೀಂಕೀಂ ನಿಲ್ಲಿಸೋ ಮಾರಾಯ’ ಎಂದು ಗದರುತ್ತಾರೆ. ಕಂಪ್ಯೂಟರನ್ನೇ ನಂಬಿ ಸಮುದ್ರ ದಾಟಿ ಬಂದು, ಅದರಿಂದಲೇ ಅನ್ನ ತಿಂದು, ಮನೆ ಕೊಂಡು, ಮಕ್ಕಳನ್ನು ಓದಿಸಿದ ಜನ ನಾವು. ಅದೇ ಕಂಪ್ಯೂಟರು ಹಾಡಿದರೆ ಮಾತ್ರ ನಮಗೆ ಮೈಲಿಗೆ. ನನ್ನ ಜಗಳ ಆ ಮೈಲಿಗೆಯ ಜೊತೆಗೆ.

ನಾನಿರುವ ಮೇರಿಲ್ಯಾಂಡಿನ ಊರಿನಿಂದ ಮೆಟ್ರೋ ಹಿಡಿದರೆ ಮುಕ್ಕಾಲು ಗಂಟೆಯಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಹತ್ತಿರ ಇಳಿಯಬಹುದು. ಈ ಗ್ರಂಥಾಲಯ ಪ್ರತಿವರ್ಷ 25 ಧ್ವನಿಮುದ್ರಣಗಳನ್ನು ಆರಿಸಿ, ಇವು ಉಳಿಯಬೇಕಾದವು ಎಂದು ರಾಷ್ಟ್ರೀಯ ದಾಖಲೆಗೆ ಸೇರಿಸುತ್ತದೆ. 2023ರ ಪಟ್ಟಿಯಲ್ಲಿ ಜಾನ್ ಲೆನನ್‌ನ ‘ಇಮ್ಯಾಜಿನ್’ ಇತ್ತು, ಲೆಡ್ ಜೆಪೆಲಿನ್ ತಂಡದ ‘ಸ್ಟೇರ್‌ವೇ ಟು ಹೆವನ್’ ಇತ್ತು. ಅವುಗಳ ಪಕ್ಕದಲ್ಲೇ 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟಕ್ಕೆ ಕೋಜಿ ಕೊಂಡೊ ರಚಿಸಿದ ಸಂಗೀತವೂ ಇತ್ತು. ಆ ದಾಖಲೆಗೆ ಸೇರಿದ ಮೊಟ್ಟಮೊದಲ ವಿಡಿಯೋ ಗೇಮ್ ಸಂಗೀತ ಅದು. ಆ ಸುದ್ದಿಯನ್ನು ನಾನು ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹನ್ನೊಂದು ನಗುವ ಮುಖಗಳು ಬಂದವು, ಒಬ್ಬ ಹಿರಿಯರು ‘ಕಲಿಗಾಲ’ ಎಂದು ಬರೆದರು, ಅದಾದ ಮೇಲೆ ಯಾರೋ ಹಲಸಿನಕಾಯಿ ಹಪ್ಪಳ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಿದರು. ಸಂಗೀತದ ಚರ್ಚೆ ಅಲ್ಲಿಗೆ ಮುಗಿಯಿತು.

ನಕ್ಕವರಿಗೆ ಆ ಹಾಡು ಹೇಗೆ ಹುಟ್ಟಿತು ಎಂಬುದು ಗೊತ್ತಿರಲಿಕ್ಕಿಲ್ಲ. ಆದ್ದರಿಂದ ಸ್ವಲ್ಪ ಯಂತ್ರದ ಒಳಕ್ಕೆ ಕರೆದುಕೊಂಡು ಹೋಗುತ್ತೇನೆ. ಇಂಜಿನಿಯರುಗಳೇ ತುಂಬಿರುವ ಸಮಾಜ ನಮ್ಮದು, ಯಾರಿಗೂ ತ್ರಾಸಾಗಲಾರದು.

ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರ ಜಪಾನಿನಲ್ಲಿ 1983ರಲ್ಲಿ ಬಂತು. ಎರಡು ವರ್ಷ ಬಿಟ್ಟು ಬೇರೆ ಹೆಸರು, ಬೇರೆ ಅಂಗಿ ತೊಟ್ಟು ಅಮೆರಿಕಕ್ಕೆ ಬಂತು. ಅದರ ಚಿಪ್ಪಿನಲ್ಲಿ ಒಟ್ಟು ಐದು ದನಿ. ಎರಡು ದನಿಗಳು ಚೌಕ ಆಕಾರದ ಅಲೆಯವು. ಇವುಗಳ ಸ್ವರಭಾರವನ್ನು ಬದಲಿಸಲು ಕೆಲವೇ ಬಗೆಗಳಿದ್ದವು, ಶಬ್ದದ ಏರಿಳಿತಕ್ಕೆ 16 ಮೆಟ್ಟಿಲು. ಮೂರನೆಯದು ತ್ರಿಕೋನ ಅಲೆ, ಕೊಳಲಿನಂತೆ ಮೆತ್ತಗೆ. ಅದಕ್ಕೆ ಏರಿಳಿತವೇ ಇಲ್ಲ: ಬಾಯಿ ತೆರೆದಿದೆ ಅಥವಾ ಮುಚ್ಚಿದೆ, ಅಷ್ಟೇ. ನಾಲ್ಕನೆಯದು ಬರೀ ‘ಶ್ಶ್’ ಎನ್ನುವ ಗದ್ದಲ. ಐದನೆಯದು ಮೊದಲೇ ಹಿಡಿದಿಟ್ಟ ಒಂದು ಚಿಕ್ಕ ಸದ್ದನ್ನು ಒರಟಾಗಿ ನುಡಿಸಬಲ್ಲದು. ಇಷ್ಟೇ ಮೇಳ. ಮಾರಿಯೋ ಆಟ ಇಡೀಯಾಗಿ, ಅಂದರೆ ಚಿತ್ರ, ಲೆಕ್ಕ, ಶತ್ರು, ಮೋಡ, ಸಂಗೀತ ಎಲ್ಲ ಸೇರಿ, 40 ಕಿಲೋಬೈಟ್. ನಮ್ಮ ಗುಂಪಿಗೆ ದಿನಾ ಬೆಳಿಗ್ಗೆ ಬಂದು ಬೀಳುವ ‘ಶುಭೋದಯ’ದ ಒಂದು ಗುಲಾಬಿ ಹೂವು ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ.

ಈಗ ಕೊಂಡೊ ಏನು ಮಾಡಿದರು ನೋಡಿ. ಎರಡು ಚೌಕ ದನಿಗಳಿಗೆ ರಾಗದ ಎರಡು ಎಳೆ ಕೊಟ್ಟರು, ತ್ರಿಕೋನಕ್ಕೆ ಕೆಳಸ್ಥಾಯಿ ಕೊಟ್ಟರು, ಗದ್ದಲದ ದನಿಯನ್ನು ಕತ್ತರಿಸಿ ತಾಳವಾದ್ಯ ಮಾಡಿದರು. ಮಾರಿಯೋ ನೀರಿಗಿಳಿದರೆ ಹಾಡು ಮೂರೆಣಿಕೆಯ ವಾಲ್ಟ್ಸ್ ನಡೆಗೆ ಬರುತ್ತದೆ. ತೇಲುವವನಿಗೆ ತೇಲುವ ಲಯ. ನೆಲಮಾಳಿಗೆಗೆ ಇಳಿದರೆ ಬರೀ ಕೆಲವು ಸ್ವರ, ನಡುನಡುವೆ ಮೌನ. ಗಡಿಯಾರ 100ಕ್ಕೆ ಇಳಿದೊಡನೆ ಅದೇ ಹಾಡು ಇನ್ನಷ್ಟು ಅವಸರದಲ್ಲಿ ಓಡತೊಡಗಿ ಕೈ ಬೆವರಿಸುತ್ತದೆ. ಇನ್ನೂ ಒಂದು ಕಷ್ಟವಿದೆ. ಮಾರಿಯೋ ಹಾರಿದಾಗ ಬರುವ ‘ಬೊಯಿಂಗ್’ ಸದ್ದಿಗೆ ಪ್ರತ್ಯೇಕ ದನಿ ಇಲ್ಲ. ಅದು ಹಾಡುತ್ತಿರುವ ಒಂದು ದನಿಯನ್ನು ಕಿತ್ತುಕೊಂಡು, ಕೆಲಸ ಮುಗಿಸಿ, ವಾಪಸು ಕೊಡುತ್ತದೆ. ಪಕ್ಕವಾದ್ಯದವನನ್ನು ಕಛೇರಿಯ ನಡುವೆ ಪದೇಪದೇ ಎಬ್ಬಿಸಿ ಕರೆದೊಯ್ದರೂ ಕೇಳುವವನಿಗೆ ಗೊತ್ತಾಗದಂತೆ ಕೃತಿ ಕಟ್ಟಬೇಕು. ಯಾವ ವಿದ್ವಾಂಸರಿಗೆ ಈ ಪರೀಕ್ಷೆ ಒಡ್ಡಿದ್ದೇವೆ?

ಈ ಮಿತಿಯಿಂದ ಹುಟ್ಟಿದ ಉಪಾಯಗಳು ಒಂದೆರಡಲ್ಲ. ಒಂದೇ ದನಿಯಲ್ಲಿ ಮೂರು ಸ್ವರ ಒಟ್ಟಿಗೆ ಬರುವುದಿಲ್ಲವೇ? ಮೂರನ್ನೂ ಒಂದರ ಹಿಂದೆ ಒಂದು ಮಿಂಚಿನ ವೇಗದಲ್ಲಿ ನುಡಿಸಿ, ಕಿವಿಯೇ ಅವನ್ನು ಕೂಡಿಸಿಕೊಳ್ಳಲಿ. ದೊಡ್ಡ ಸಭಾಂಗಣದ ಪ್ರತಿಧ್ವನಿ ಬೇಕೇ? ಅದೇ ರಾಗವನ್ನು ಎರಡನೇ ದನಿಯಲ್ಲಿ ಕೊಂಚ ತಡವಾಗಿ, ಕೊಂಚ ಮೆಲ್ಲಗೆ ನುಡಿಸಿ. ಸ್ವರ ಸಪ್ಪೆಯಾಗಿ ನಿಂತಿದೆಯೇ? ಸ್ವಲ್ಪ ಹೊತ್ತು ನೇರ ಹಿಡಿದು ಆಮೇಲೆ ಅಲುಗಿಸಿ. ಕಂಪಿತವನ್ನು ಗುರುಗಳ ಎದುರು ವರ್ಷಗಟ್ಟಲೆ ಕುಳಿತು ಕಲಿತವರಿಗೆ ಈ ಕೊನೆಯದು ಹೊಸದೇನಲ್ಲ. ಇಲ್ಲಿ ಮಾತ್ರ ಅಲುಗಾಟದ ಆಳ, ವೇಗ ಎರಡನ್ನೂ ಅಂಕಿಯಲ್ಲಿ ಬರೆಯಬೇಕಿತ್ತು.

ಇದನ್ನೆಲ್ಲ ಬರೆಯಲು ನನ್ನನ್ನು ಕೂರಿಸಿದ ಸಂಗತಿ ಬೇರೆ. ಇಲ್ಲಿನ ಒಂದು ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹದಿನಾಲ್ಕರ ಹುಡುಗಿಯೊಬ್ಬಳು ಪಿಟೀಲು ನುಡಿಸುತ್ತೇನೆಂದು ಹೆಸರು ಕೊಟ್ಟಳು. ಎಂಟು ವರ್ಷ ಕರ್ನಾಟಕ ಸಂಗೀತ ಕಲಿತ ಮಗು. ಆಯ್ದುಕೊಂಡದ್ದು 1988ರ ‘ಮೆಗಾ ಮ್ಯಾನ್ 2’ ಆಟದಲ್ಲಿ ಡಾಕ್ಟರ್ ವೈಲಿಯ ಕೋಟೆಗೆ ಬರುವ ಹಾಡು. ಕಿವಿಯಿಂದಲೇ ಕೇಳಿ ಸರಿಗಮದಲ್ಲಿ ಬರೆದುಕೊಂಡಿದ್ದಳು. ಅದು ನಠಭೈರವಿಯ ನೆಂಟ ಎಂಬುದು ಅವಳ ವಾದ. ಕಾರ್ಯಕ್ರಮ ಸಮಿತಿಯ ಯಜಮಾನರು ಎರಡು ನಿಮಿಷ ಕೇಳಿದರು.

‘ಚೆನ್ನಾಗಿ ನುಡಿಸ್ತೀಯಮ್ಮ. ಆದ್ರೆ ಇದು ಸಂಗೀತ ಅಲ್ವಲ್ಲ ಪುಟ್ಟಿ, ಗೇಮು. ವೇದಿಕೆಗೆ ಸರಿಹೋಗಲ್ಲ.’

‘ಅಂಕಲ್, ಇದನ್ನ ಒಬ್ರು ಕಂಪೋಸ್ ಮಾಡಿದಾರೆ. ತಕಾಶಿ ತತೇಯಿಶಿ ಅಂತ.’

‘ಇರಬಹುದಮ್ಮ. ಒಂದು ದೇವರನಾಮ ನುಡಿಸಿಬಿಡು, ಎಲ್ಲರಿಗೂ ಖುಷಿ.’

ಅವಳು ದೇವರನಾಮ ನುಡಿಸಲಿಲ್ಲ. ಹೆಸರು ವಾಪಸು ತೆಗೆದುಕೊಂಡಳು. ಅದೇ ಸಂಜೆ, ಅದೇ ವೇದಿಕೆಯಲ್ಲಿ, ಸಿನಿಮಾ ಹಾಡುಗಳ ರೀಮಿಕ್ಸಿಗೆ ಆರು ನೃತ್ಯಗಳು ನಡೆದವು. ರೀಮಿಕ್ಸಿನಲ್ಲಿ ಡೋಲಿನಿಂದ ಹಿಡಿದು ಪಿಟೀಲಿನವರೆಗೆ ಎಲ್ಲವೂ ಕಂಪ್ಯೂಟರಿನದೇ. ಅದಕ್ಕೆ ಯಾರೂ ‘ವೇದಿಕೆಗೆ ಸರಿಹೋಗಲ್ಲ’ ಎನ್ನಲಿಲ್ಲ. ಸಿನಿಮಾ ನೃತ್ಯದ ಮೇಲೆ ನನಗೆ ಹಗೆಯಿಲ್ಲ, ನಾನೂ ಚಪ್ಪಾಳೆ ತಟ್ಟಿದೆ. ಆದರೆ ಮಕ್ಕಳು ಕನ್ನಡ ಸಂಘಕ್ಕೆ ಯಾಕೆ ಬರುವುದಿಲ್ಲ ಎಂದು ಪ್ರತಿ ಸಭೆಯಲ್ಲೂ ನಿಟ್ಟುಸಿರು ಬಿಡುವವರು, ತಾನಾಗಿ ಪಿಟೀಲು ಹೊತ್ತು ಬಂದ ಮಗುವನ್ನು ಬಾಗಿಲಿಂದ ಹಿಂದೆ ಕಳಿಸಿದರಲ್ಲ, ಆ ನಿಟ್ಟುಸಿರನ್ನು ಇನ್ನು ನಾನು ನಂಬುವುದು ಹೇಗೆ?

ಸಮಿತಿಯವರ ಪರವಾಗಿ ಆಮೇಲೆ ನನ್ನೊಡನೆ ವಾದಿಸಿದವರ ಮಾತುಗಳನ್ನೇ ತೆಗೆದುಕೊಳ್ಳೋಣ. ಯಂತ್ರದ ಸದ್ದು ಸಂಗೀತವಲ್ಲ ಎಂದರು. ಹಾಗಾದರೆ ಅದೇ ವೇದಿಕೆಯ ಮೂಲೆಯಲ್ಲಿ ಕುಳಿತು ಎಲ್ಲ ಗಾಯಕರಿಗೂ ಶ್ರುತಿ ಕೊಡುತ್ತಿದ್ದ ಬೆಂಗಳೂರಿನ ರಾಡೆಲ್ ಪೆಟ್ಟಿಗೆ ಏನು? ತಂತಿಯಿಲ್ಲದ ತಂಬೂರಿ, ಪ್ಲಗ್ಗು ಕಿತ್ತರೆ ಮೂಕ. ನಮ್ಮ ಪರಂಪರೆ ಮಣ್ಣಿನ ಗಡಿಗೆಯನ್ನು ಘಟಂ ಎಂದು ಕರೆದು ಕೂರಿಸಿತು, ಹಲ್ಲಿಗೆ ಒತ್ತಿ ಮೀಟುವ ಕಬ್ಬಿಣದ ಮೋರ್ಸಿಂಗ್‌ಗೆ ತನಿ ಆವರ್ತನದಲ್ಲಿ ಪಾಲು ಕೊಟ್ಟಿತು. ಪಿಟೀಲೇ ಯುರೋಪಿನದು. ಹಾರ್ಮೋನಿಯಂ ಗಮಕಕ್ಕೆ ಒಗ್ಗದು ಎಂದು ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ದೂರ ಇಟ್ಟಿತ್ತು. ಅಷ್ಟೂ ದಿನ ನಮ್ಮ ಕಂಪನಿ ನಾಟಕಗಳ ಪೇಟಿ ಮಾಸ್ತರರು ಊರೂರಲ್ಲಿ ಅದರಲ್ಲೇ ಜನರನ್ನು ಅಳಿಸಿದರು, ನಗಿಸಿದರು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಅದನ್ನು ಕಛೇರಿಯ ವಾದ್ಯ ಮಾಡಿದಾಗ ಮೂಗು ಮುರಿದವರು ಈಗೆಲ್ಲಿದ್ದಾರೆ?

ವಿದೇಶಿ ಧಾಟಿ ಎಂದರು ಇನ್ನೊಬ್ಬರು. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದರು. ಅವರ ರಾಜಗೀತೆಯನ್ನೂ ಬಿಡಲಿಲ್ಲ. ನೊಟ್ಟುಸ್ವರ ಎಂದು ಇವತ್ತು ಸಣ್ಣ ಮಕ್ಕಳಿಗೆ ಕಲಿಸುವುದು ಅವನ್ನೇ. ಅದು ಪವಿತ್ರ, ಇದು ಗೇಮು!

ಸುಮ್ಮನೆ ತಿರುಗಿ ತಿರುಗಿ ಅದೇ ಬರುತ್ತದೆ ಎಂಬ ದೂರು ಮಾತ್ರ ಸ್ವಲ್ಪ ಗಟ್ಟಿಯದು. ಹೌದು, ಬರುತ್ತದೆ. ಒಂದೂವರೆ ನಿಮಿಷದ ಹಾಡು, ಆಡುವವನು ಆ ಘಟ್ಟ ದಾಟುವ ತನಕ ಇಪ್ಪತ್ತೋ ಇನ್ನೂರೋ ಸಲ ಸುತ್ತುತ್ತದೆ. ಸೋತು ಸೋತು ತಲೆ ಕೆಟ್ಟವನ ಕಿವಿಗೂ ಇನ್ನೂರನೆಯ ಸಲ ಹಿತವಾಗಬೇಕು. ಮುಗಿದದ್ದು ಎಲ್ಲಿ, ಮತ್ತೆ ಶುರುವಾದದ್ದು ಎಲ್ಲಿ ಎಂಬ ಹೊಲಿಗೆ ಕಾಣಬಾರದು. ನನ್ನ ಮಟ್ಟಿಗೆ ಇದು ರಚನೆಯ ಒಂದು ಪ್ರಕಾರ. ಭಜನೆಯೂ ಸುತ್ತುತ್ತದೆ, ಪಲ್ಲವಿಯೂ ಸುತ್ತುತ್ತದೆ. ಸುತ್ತಿದಷ್ಟೂ ನಾವು ಒಳಗಿಳಿಯುತ್ತೇವೆ ಎಂದು ಅಲ್ಲಿ ಹೊಗಳುತ್ತೇವೆ.

ಊರಿನ ಓದುಗರಿಗೆ ಇದೆಲ್ಲ ಅಮೆರಿಕದವರ ಶೋಕಿ ಎನ್ನಿಸಬಹುದು. ನಿಲ್ಲಿ, ತೊಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ಹುಡುಗರಾಗಿದ್ದವರು ಕೈ ಎತ್ತಿ. ಬೇಸಿಗೆ ರಜಕ್ಕೆ ಟೀವಿ ಗೇಮ್ ಬಾಡಿಗೆಗೆ ತಂದವರು, ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಚೌಕಾಶಿ ಮಾಡಿ ಕ್ಯಾಸೆಟ್ಟು ಕೊಂಡವರು, ‘9999 ಆಟ’ ಎಂದು ಬರೆದ ಕ್ಯಾಸೆಟ್ಟಿನಲ್ಲಿ ಹತ್ತೇ ಆಟ ಕಂಡವರು. ಕಾಂಟ್ರಾದ ಕಾಡಿನ ಹಾಡು ನಿಮ್ಮ ಮೈಯಲ್ಲಿ ಇನ್ನೂ ಇದೆ. ಹಿದೆನೋರಿ ಮಯೆಜಾವಾ ಮತ್ತು ಕಿಯೋಹಿರೋ ಸದಾ ಎಂಬ ಇಬ್ಬರ ಕೆಲಸ ಅದು. ನಿಮಗೆ ಯಾರೂ ಹೇಳಲಿಲ್ಲ, ಅಷ್ಟೇ.

ಇನ್ನೊಂದು ಮಾತನ್ನೂ ಯಾರೂ ಹೇಳಿರಲಾರರು. ಈ ಯಂತ್ರದಲ್ಲಿ ಸಂಗೀತ ನಡೆಯುವುದು ಟೀವಿಯ ಚಿತ್ರದ ಜೊತೆಗೆ ಹೆಜ್ಜೆ ಹಾಕುತ್ತ. ಜಪಾನು, ಅಮೆರಿಕಗಳ ಟೀವಿ ಸೆಕೆಂಡಿಗೆ 60 ಹೆಜ್ಜೆ ಇಡುತ್ತಿತ್ತು, ನಮ್ಮದು 50. ನಮ್ಮ ಟೀವಿಗೆ ಹೊಂದುವಂತೆ ಮಾಡಿದ ನಕಲು ಯಂತ್ರಗಳಿಗೆ ಜಪಾನಿನ ಆಟವನ್ನು ಹಾಗೇ ತುರುಕಿದಾಗ, ಅಲ್ಲಿ ಒಂದು ನಿಮಿಷದ ಹಾಡು ಇಲ್ಲಿ 72 ಸೆಕೆಂಡು ಹಿಡಿಯುತ್ತಿತ್ತು. ಅಂಥ ಯಂತ್ರದಲ್ಲಿ ಆಡಿದವರು ಮಾರಿಯೋವನ್ನು ಕೇಳಿದ್ದು ವಿಳಂಬ ಕಾಲದಲ್ಲಿ! ಇಲ್ಲಿಗೆ ಬಂದು ಮೂಲ ಕೇಳಿದಾಗ ಇದೇಕೆ ಹೀಗೆ ಓಡುತ್ತದೆ ಎನ್ನಿಸಿದರೆ ನಿಮ್ಮ ಕಿವಿಯ ತಪ್ಪಲ್ಲ. ಅಲ್ಲದೆ ಹಲವು ನಕಲು ಚಿಪ್ಪುಗಳಲ್ಲಿ ಚೌಕ ದನಿಯ ಎರಡು ಬಗೆಗಳು ಅದಲುಬದಲಾಗಿರುತ್ತಿದ್ದವು. ತೆಳ್ಳಗಿರಬೇಕಾದ ಸ್ವರ ದಪ್ಪ, ದಪ್ಪನೆಯದು ತೆಳ್ಳಗೆ. ಒಂದು ಹಾಡು ನಮ್ಮ ಮನೆಗೆ ಬರುವಷ್ಟರಲ್ಲಿ ನಮ್ಮದೇ ಪಾಠಾಂತರವಾಗಿತ್ತು. ಜಾನಪದದವರು ಇಂಥದ್ದನ್ನು ಹುಡುಕಿಕೊಂಡು ಹಳ್ಳಿ ಹಳ್ಳಿ ಅಲೆಯುತ್ತಾರೆ.

ಇಷ್ಟು ಹೊತ್ತು ತಲೆದೂಗುತ್ತಿದ್ದ ಇನ್ನೊಂದು ಗುಂಪಿನ ಕಡೆಗೂ ತಿರುಗಬೇಕು. ‘ನಾನೂ ಗೇಮ್ ಸಂಗೀತ ಮೆಚ್ಚುತ್ತೇನೆ, ಆರ್ಕೆಸ್ಟ್ರಾ ನುಡಿಸಿದಾಗ ಎಷ್ಟು ಭವ್ಯ!’ ಎನ್ನುವವರು. ಭವ್ಯವೇ. ‘ಡ್ರ್ಯಾಗನ್ ಕ್ವೆಸ್ಟ್’ ಆಟಕ್ಕೆ ಕೊಯಿಚಿ ಸುಗಿಯಾಮಾ ಬರೆದ ಸಂಗೀತವನ್ನು 1987ರಷ್ಟು ಹಿಂದೆಯೇ ಟೋಕಿಯೋದ ಸಂಟೋರಿ ಹಾಲ್‌ನಲ್ಲಿ ವಾದ್ಯವೃಂದ ನುಡಿಸಿತ್ತು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆಯಂದು ಅದೇ ಆಟದ ಸಂಗೀತದಿಂದ ಕ್ರೀಡಾಳುಗಳ ಮೆರವಣಿಗೆ ಶುರುವಾಯಿತು. ಮೇರಿ ಕೋಮ್, ಮನ್‌ಪ್ರೀತ್ ಸಿಂಗ್ ತ್ರಿವರ್ಣ ಹಿಡಿದು ನಡೆದದ್ದು ಗೇಮ್ ಸಂಗೀತಕ್ಕೇ. ನಮ್ಮ ಗುಂಪಿನಲ್ಲಿ ಅವತ್ತು ಎಲ್ಲರೂ ‘ಜೈ ಹಿಂದ್’ ಹಾಕಿದರು, ಕೀಂಕೀಂ ಎಂದು ಒಬ್ಬರೂ ಅನ್ನಲಿಲ್ಲ.

ಆದರೆ ಕೋಟು ತೊಟ್ಟ ಎಂಬತ್ತು ಜನ ನುಡಿಸಿದರೆ ಮಾತ್ರ ಗೌರವ ಎಂದರೆ, ಗೌರವ ಕೋಟಿಗೆ ಸಂದಿತು. ಈ ಕೃತಿಗಳು ಆ ಚಿಪ್ಪಿಗಾಗಿಯೇ ಬರೆದವು. 1988ರಲ್ಲಿ ಜಪಾನಿಗೆ ಬಂದ ಸೆಗಾ ಮೆಗಾ ಡ್ರೈವ್ ಯಂತ್ರದಲ್ಲಿ ಯಮಾಹಾ ಕಂಪನಿಯ ಆರು ದನಿಯ ಚಿಪ್ಪಿತ್ತು. ಒಂದು ಅಲೆಯಿಂದ ಇನ್ನೊಂದನ್ನು ಬಾಗಿಸಿ ಲೋಹದ ಝಣಝಣ ಹುಟ್ಟಿಸುತ್ತಿತ್ತು. ಯುಜೋ ಕೊಶಿರೊ ಅದರಲ್ಲೇ 1991ರಲ್ಲಿ ‘ಸ್ಟ್ರೀಟ್ಸ್ ಆಫ್ ರೇಜ್’ ಮಾಡಿದಾಗ ಆಗಿನ ಕ್ಲಬ್ಬುಗಳ ಹೌಸ್, ಟೆಕ್ನೋ ಲಯಗಳನ್ನು ಆ ಒರಟು ಲೋಹಕ್ಕೆ ಇಳಿಸಿದರು. ಅದನ್ನು ಚೆಲ್ಲೋಗಳಿಗೆ ಕೊಟ್ಟು ನೋಡಿ, ಹಲ್ಲು ಕಿತ್ತ ಹುಲಿ. ಸೂಪರ್ ನಿಂಟೆಂಡೊದಲ್ಲಿ ಧ್ವನಿಗೆಂದು ಇದ್ದ ನೆನಪು 64 ಕಿಲೋಬೈಟ್, ದನಿ ಎಂಟು. ವಾದ್ಯಗಳ ಮಾದರಿ, ಸ್ವರಗಳ ಲೆಕ್ಕ, ಪ್ರತಿಧ್ವನಿಯ ಜಾಗ ಎಲ್ಲವೂ ಅದರೊಳಗೇ. 1994ರ ‘ಡಾಂಕಿ ಕಾಂಗ್ ಕಂಟ್ರಿ’ಯಲ್ಲಿ ನೀರೊಳಗಿನ ಘಟ್ಟಕ್ಕೆ ಡೇವಿಡ್ ವೈಸ್ ಮಾಡಿದ ಸಂಗೀತ ಕೇಳಿ: ಪುಟಾಣಿ ಅಲೆಗಳನ್ನು ಸಾಲಾಗಿ ಜೋಡಿಸಿ ಕಟ್ಟಿದ ಆ ಮಂಜಿನಂಥ ನಾದ ಯಾವ ಆರ್ಕೆಸ್ಟ್ರಾದಲ್ಲೂ ಇಲ್ಲ. ಏಕತಾರಿಯ ತತ್ವಪದವನ್ನು ನೂರು ಪಿಟೀಲಿಗೆ ಹೊಂದಿಸಿ ‘ಈಗ ಉದ್ಧಾರವಾಯಿತು’ ಎನ್ನುವವನಿಗೂ ಇವರಿಗೂ ವ್ಯತ್ಯಾಸ ಕಾಣೆ.

‘ಅಯ್ಯೋ ನೆನಪುಗಳು’ ಎಂದು ಕಣ್ಣೊರೆಸಿಕೊಳ್ಳುವವರದೂ ಹೆಚ್ಚು ಕಡಿಮೆ ಇದೇ ಕತೆ. ಆ ಪಿಟೀಲಿನ ಹುಡುಗಿಗೆ 1988ರ ಯಾವ ನೆನಪಿದೆ?

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಹೆಸರುಗಳ ವಿಷಯದಲ್ಲಿ. ಪುರಂದರದಾಸರ ಪದದ ಕೊನೆಗೆ ಅಂಕಿತ ಇದ್ದೇ ಇರುತ್ತದೆ. ಐದು ಶತಮಾನ ಯಾರ ಬಾಯಲ್ಲಿ ಎಲ್ಲೆಲ್ಲಿ ತಿರುಗಿದರೂ ಕರ್ತೃ ಕಳೆದುಹೋಗಲಿಲ್ಲ. ಈ ಸಂಗೀತಗಾರರಿಗೆ ಕಂಪನಿಗಳು ಅಂಕಿತ ಬಿಡಲಿಲ್ಲ. ಪಕ್ಕದ ಕಂಪನಿ ಹೆಚ್ಚು ಸಂಬಳ ಕೊಟ್ಟು ಸೆಳೆದುಕೊಂಡೀತು ಎಂಬ ಭಯಕ್ಕೆ ಅಡ್ಡಹೆಸರು ಹಾಕಿದರು. ‘ಮೆಗಾ ಮ್ಯಾನ್’ ಮೊದಲ ಆಟದ ಸಂಗೀತ ಮನಾಮಿ ಮತ್ಸುಮಯೆ ಅವರದು. ‘ಸ್ಟ್ರೀಟ್ ಫೈಟರ್ 2’ರ ಬಹುಪಾಲು ಸಂಗೀತ ಯೋಕೊ ಶಿಮೊಮುರಾ ಅವರದು, ಅಲ್ಲಿ ಅವರಿಗೆ ಬರೀ ಅಡ್ಡಹೆಸರು. 1986ರ ‘ಕ್ಯಾಸಲ್‌ವೇನಿಯಾ’ಕ್ಕೆ ಸಂಗೀತ ಕೊಟ್ಟವರಲ್ಲಿ ಮುಖ್ಯರು ಕಿನುಯೊ ಯಮಾಶಿತಾ. ಆಗಷ್ಟೇ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗಿ. ಆಟ ಗೆದ್ದಾಗ ತೆರೆಯ ಮೇಲೆ ಬರುವ ಸಂಗೀತಗಾರನ ಹೆಸರು ‘ಜೇಮ್ಸ್ ಬನಾನಾ’. ಹಳೆಯ ಡ್ರಾಕುಲಾ ಚಿತ್ರದ ಸಂಗೀತಗಾರ ಜೇಮ್ಸ್ ಬರ್ನಾರ್ಡ್ ಹೆಸರಿನ ಮೇಲೆ ಒಂದು ತಮಾಷೆ. ತಮಾಷೆ ಅವರದು, ಹೆಸರು ಹೋದದ್ದು ಇವಳದು. ಹೋಗಲಿ, ಅದು ಹಳೆಯ ಕಾಲ ಎನ್ನೋಣವೇ? 2024ರಲ್ಲಿ ನಿಂಟೆಂಡೊ ತನ್ನ ಆಟಗಳ ಸಂಗೀತ ಕೇಳಿಸುವ ಆ್ಯಪ್ ತಂದಿತು. ಹಾಡಿನ ಹೆಸರಿತ್ತು, ಆಟದ ಹೆಸರಿತ್ತು, ರಚಿಸಿದವರ ಹೆಸರಿಲ್ಲ. ಕೊಂಡೊ ಅವರದೂ ಇಲ್ಲ!

ಆಟಗಳೇ ಕಣ್ಮರೆಯಾಗುತ್ತಿವೆ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ನೂರಕ್ಕೆ 87 ಇವತ್ತು ಅಂಗಡಿಯಲ್ಲಿ ಸಿಗುವುದಿಲ್ಲ. ಗ್ರಂಥಾಲಯಗಳು ಇವನ್ನು ದೂರದ ಸಂಶೋಧಕರಿಗೆ ತೆರೆದಿಡಲು ಕೇಳಿದ ಅನುಮತಿಯನ್ನು ಇಲ್ಲಿನ ಹಕ್ಕುಸ್ವಾಮ್ಯ ಕಚೇರಿ 2024ರಲ್ಲಿ ನಿರಾಕರಿಸಿತು. ಸಂಗೀತ ಎಂದು ಒಪ್ಪದ ವಸ್ತುವನ್ನು ಉಳಿಸಲು ಯಾರು ಹೋರಾಡುತ್ತಾರೆ? ಓಲೆಗರಿ ಗೆದ್ದಲು ಹಿಡಿಯುವುದನ್ನು ಕಂಡ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಮಾತು ಬೇಡ, ನೀವೇ ಕೇಳಿ. ‘ಕ್ಯಾಸಲ್‌ವೇನಿಯಾ’ದ ಮೂರನೇ ಆಟ ಜಪಾನಿನಲ್ಲಿ 1989ರಲ್ಲಿ ಬಂತು. ಐದು ದನಿ ಸಾಲದೆಂದು ಕೊನಾಮಿಯವರು ಕ್ಯಾಸೆಟ್ಟಿನೊಳಗೇ ಇನ್ನೊಂದು ಚಿಪ್ಪು ಕೂರಿಸಿ ಮೂರು ದನಿ ಸೇರಿಸಿದರು. ಅಮೆರಿಕದ ಯಂತ್ರದಲ್ಲಿ ಕ್ಯಾಸೆಟ್ಟಿನ ದನಿ ಹಾಗೆ ನೇರ ಬಂದು ಕೂಡುವ ವ್ಯವಸ್ಥೆ ಇರಲಿಲ್ಲ. ಮರುವರ್ಷ ಇಲ್ಲಿಗೆ ಬಂದದ್ದು ಐದೇ ದನಿಗೆ ಇಳಿಸಿದ ರೂಪ. ಮೊದಲ ಘಟ್ಟದ ಹಾಡಿಗೆ ‘ಬಿಗಿನಿಂಗ್’ ಎಂದು ಹೆಸರು. ಒಳ್ಳೆಯ ಹೆಡ್‌ಫೋನು ಹಾಕಿಕೊಂಡು ಮೊದಲು ಅಮೆರಿಕದ್ದು ಕೇಳಿ, ಆಮೇಲೆ ಜಪಾನಿನದು. ಎರಡನೇ ಸಲ ಕೆಳಸ್ಥಾಯಿಯ ದನಿಯೊಂದನ್ನೇ ಹಿಡಿದು ಹೋಗಿ, ಉಳಿದದ್ದನ್ನು ಬಿಟ್ಟುಬಿಡಿ. ಎಲ್ಲ ಸೇರಿ ಹತ್ತು ನಿಮಿಷ ಆದೀತು. ಅದಾದ ಮೇಲೂ ಕೀಂಕೀಂ ಎನ್ನುವ ಹಾಗಿದ್ದರೆ ಒಂದು ಶನಿವಾರ ಮನೆಗೆ ಬನ್ನಿ, ಫಿಲ್ಟರ್ ಕಾಫಿ ಇಳಿಸಿಟ್ಟಿರುತ್ತೇನೆ, ಕೂತು ಜಗಳವಾಡೋಣ. ಪಿಟೀಲಿನ ಹುಡುಗಿಗೂ ಬರಲು ಹೇಳಿದ್ದೇನೆ.